ಗಾಡಿ ಕೈಯಲ್ಲಿ ಎಷ್ಟಿದೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಸಂಜೆ ಆರರ ಹೊತ್ತಿಗೆ ನಗರ ಸಾರಿಗೆಯ ಬಸ್ಸೊಂದು ತಿರುವಿನಲ್ಲಿ ನಿಧಾನಗೊಂಡಿತು. ಅದರ ಎಡಕ್ಕೆ ಆಟೊ ಸರಿದು ನಿಂತಿತು. ಎರಡರ ನಡುವೆ ಉಳಿದದ್ದು ಹೆಚ್ಚೆಂದರೆ ಒಂದು ಮೀಟರ್ ಜಾಗ. ಅದಕ್ಕೆ ನಮ್ಮೂರಿನ ಹುಡುಗರು ‘ಗ್ಯಾಪ್’ ಎನ್ನುತ್ತಾರೆ. ಹಣ್ಣಿನ ಬಂಡಿಯ ಪಕ್ಕದಲ್ಲಿ ಪೇರಲ ಆರಿಸುತ್ತಿದ್ದ ನನ್ನ ಕಣ್ಣೆದುರೇ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಹಿಂದೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡ ಹುಡುಗನೊಬ್ಬ ಹಾರ್ನ್ ಒತ್ತಿ ಆ ಗ್ಯಾಪಿನೊಳಗೆ ಗಾಡಿ ತೂರಿಸಿದ. ಅದೇ ಕ್ಷಣಕ್ಕೆ ಆಟೊದಲ್ಲಿದ್ದ ಹೆಂಗಸೊಬ್ಬರು ಬಲಗಡೆಯಿಂದ ಇಳಿಯಲು ಕಾಲು ಹೊರಗೆ ಚಾಚಿದ್ದರು. ಚಪ್ಪಲಿ ಕೆಳಗೆ ಬಿತ್ತು, ಕಾಲು ಒಳಗೆ ಹೋಯಿತು, ಟೈರು ಚೀರಿತು. ಯಾರಿಗೂ ಏನೂ ಆಗಲಿಲ್ಲ. ಬೈಯುತ್ತಿದ್ದ ಆಕೆಗೆ ಹುಡುಗ ತಿರುಗಿ ಹೇಳಿದ: “ಯಾಕ ಅಂಜ್ತೀರಿ ಅಕ್ಕಾ, ಗಾಡಿ ನನ್ನ ಕೈಯಾಗ ಅದ.”

ಅವನ ಮುಖ ನೋಡಿದರೆ ಅದು ಉಡಾಫೆಯ ಮಾತು ಅನ್ನಿಸಲಿಲ್ಲ; ಅವನು ಅದನ್ನು ನಿಜವೆಂದೇ ನಂಬಿದ್ದ. ನಾನು ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವವನು, ಅವನ ವಯಸ್ಸಿನ ಹುಡುಗರ ನಡುವೆಯೇ ದಿನ ಕಳೆಯುವವನು. ಆದ್ದರಿಂದ ಅವನ ಮಾತನ್ನು ಒಂದು ಪ್ರಶ್ನೆಯಾಗಿ ತೆಗೆದುಕೊಳ್ಳುವುದೇ ಸರಿ ಎನ್ನಿಸಿತು. ಓಡುತ್ತಿರುವ ಬೈಕು ಸವಾರನ ಕೈಯಲ್ಲಿ ನಿಜಕ್ಕೂ ಎಷ್ಟಿರುತ್ತದೆ?

ಇದನ್ನು ಅಳೆಯಲು ತರಗತಿಯಲ್ಲಿ 30 ಸೆಂಟಿಮೀಟರಿನ ಒಂದು ಸ್ಕೇಲು ಸಾಕು. ನಾನು ಸ್ಕೇಲನ್ನು ಮೇಲಿನಿಂದ ಹಿಡಿದು ನಿಲ್ಲುತ್ತೇನೆ; ವಿದ್ಯಾರ್ಥಿ ಅದರ ಕೆಳತುದಿಯ ಬಳಿ ಹೆಬ್ಬೆರಳು ಮತ್ತು ತೋರುಬೆರಳನ್ನು ತೆರೆದಿಟ್ಟುಕೊಂಡು ಕಾಯುತ್ತಾನೆ. ಹೇಳದೆ ಬಿಟ್ಟಾಗ ಸ್ಕೇಲು ಎಷ್ಟು ಜಾರಿದ ಮೇಲೆ ಅವನು ಹಿಡಿದ ಎಂಬುದರಿಂದ ಅವನ ಪ್ರತಿಕ್ರಿಯೆಯ ಅವಧಿ ಗೊತ್ತಾಗುತ್ತದೆ. 20 ಸೆಂಟಿಮೀಟರ್ ಜಾರಿದ್ದರೆ 0.2 ಸೆಕೆಂಡು. ಚುರುಕಾದ ಹುಡುಗ ಹುಡುಗಿಯರು 15ರಿಂದ 20ರ ನಡುವೆ ಹಿಡಿಯುತ್ತಾರೆ. ಅದೇ ಮಕ್ಕಳಿಗೆ ಹದಿನೇಳರ ಮಗ್ಗಿ ಹೇಳುತ್ತಾ ಹಿಡಿಯಿರಿ ಎಂದರೆ, ಎಷ್ಟೋ ಸಲ ಸ್ಕೇಲು ಪೂರ್ತಿ ಜಾರಿ ನೆಲಕ್ಕೆ ಬಡಿಯುತ್ತದೆ. ಬೆರಳು ಮೊದಲಿನಷ್ಟೇ ಚುರುಕಾಗಿದೆ, ಗಮನ ಮಾತ್ರ ಎರಡಾಗಿದೆ. ಕಿವಿ ಮತ್ತು ಭುಜದ ನಡುವೆ ಮೊಬೈಲು ಒತ್ತಿಕೊಂಡು ಸೇಡಂ ರಸ್ತೆಯಲ್ಲಿ ಹೋಗುವವರನ್ನು ಕಂಡಾಗಲೆಲ್ಲ ನನಗೆ ನೆಲಕ್ಕೆ ಬಡಿದ ಆ ಸ್ಕೇಲಿನ ಸದ್ದು ನೆನಪಾಗುತ್ತದೆ.

ತರಗತಿಯಲ್ಲಿ ಏನು ಬೀಳುತ್ತದೆ, ಎಲ್ಲಿ ಬೀಳುತ್ತದೆ, ಏನು ಮಾಡಬೇಕು ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ರಸ್ತೆಯಲ್ಲಿ ಯಾವುದೂ ಗೊತ್ತಿರುವುದಿಲ್ಲ. ಅಡ್ಡ ಬಂದದ್ದನ್ನು ಕಣ್ಣು ಹಿಡಿಯಬೇಕು, ಅದು ನಾಯಿಯೋ ಮಗುವೋ ಎಂದು ಮಿದುಳು ಗುರುತಿಸಬೇಕು, ತಪ್ಪಿಸುವುದೋ ನಿಲ್ಲಿಸುವುದೋ ಎಂದು ತೀರ್ಮಾನಿಸಬೇಕು, ಆಮೇಲೆ ಬೆರಳೂ ಪಾದವೂ ಬ್ರೇಕಿಗೆ ಹೋಗಬೇಕು. ಇಷ್ಟಕ್ಕೆ ಎಚ್ಚರದಲ್ಲಿರುವ ಆರೋಗ್ಯವಂತನಿಗೂ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಸೆಕೆಂಡು ಬೇಕು. ರಸ್ತೆ ವಿನ್ಯಾಸ ಮಾಡುವ ಎಂಜಿನಿಯರುಗಳು ಇನ್ನೂ ಉದಾರಿಗಳು: ಚಾಲಕ ಎದುರಿನ ಅಡ್ಡಿಯನ್ನು ಕಂಡು ನಿಲ್ಲಿಸಲು ಬೇಕಾದ ದೂರವನ್ನು ಲೆಕ್ಕ ಹಾಕುವಾಗ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಮಾನದಂಡವು 2.5 ಸೆಕೆಂಡನ್ನು ಪ್ರತಿಕ್ರಿಯೆಗೇ ಬಿಟ್ಟುಕೊಡುತ್ತದೆ.

ಒಂದೂವರೆ ಸೆಕೆಂಡನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ಸವಾರ ಬ್ರೇಕು ಮುಟ್ಟುವಷ್ಟರಲ್ಲಿ ಅದು 17 ಮೀಟರ್ ಹೋಗಿರುತ್ತದೆ; ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ ಇನ್ನೂ 10 ಮೀಟರ್. ಒಟ್ಟು 27 ಮೀಟರಿಗೆ ಗಾಡಿ ನಿಲ್ಲುತ್ತದೆ. ಈಗ ಅದೇ ಜಾಗದಲ್ಲಿ, ಅದೇ ಅಡ್ಡಿಯನ್ನು ಅದೇ ಕ್ಷಣಕ್ಕೆ ಕಂಡ ಇನ್ನೊಬ್ಬ 60ರ ವೇಗದಲ್ಲಿದ್ದ ಎಂದುಕೊಳ್ಳಿ. ಅವನು ಬ್ರೇಕು ಮುಟ್ಟುವುದೇ 25 ಮೀಟರ್ ಕಳೆದ ಮೇಲೆ. ಮೊದಲನೆಯವನು ಸುರಕ್ಷಿತವಾಗಿ ನಿಂತ 27ನೆಯ ಮೀಟರಿನಲ್ಲಿ ಎರಡನೆಯವನ ವೇಗ ಎಷ್ಟಿರುತ್ತದೆ ಎಂದು ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ‘20’ ಎನ್ನುತ್ತಾರೆ, ಏಕೆಂದರೆ 60ರಲ್ಲಿ 40 ಕಳೆದರೆ ಉಳಿಯುವುದು ಅದೇ. ಸರಿಯಾದ ಉತ್ತರ 57. ಒಬ್ಬನು ಮುಟ್ಟದೆ ನಿಂತ ಮಗುವಿಗೆ ಇನ್ನೊಬ್ಬನು ಗಂಟೆಗೆ 57 ಕಿಲೋಮೀಟರ್ ವೇಗದಲ್ಲಿ ಬಡಿಯುತ್ತಾನೆ. ನಾನು ಈ ಲೆಕ್ಕವನ್ನು ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ಬಿಡಿಸುತ್ತೇನೆ, ಪ್ರತಿವರ್ಷವೂ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ.

ಈ ಲೆಕ್ಕದಲ್ಲಿ ‘ಒಣಗಿದ ಒಳ್ಳೆಯ ರಸ್ತೆ’ ಎಂಬ ಮಾತು ನುಸುಳಿದೆ, ಅದು ನಮ್ಮ ಕಡೆಯವರಿಗೆ ಸುಲಭವಾಗಿ ಒಪ್ಪಿತವಾಗುವ ಮಾತಲ್ಲ. ಬೈಕಿನ ಒಂದೊಂದು ಟೈರು ರಸ್ತೆಗೆ ತಾಗುವ ಜಾಗ ಒಂದು ಅಂಗೈಗಿಂತ ದೊಡ್ಡದಲ್ಲ. ನಿಲ್ಲಿಸುವುದು, ತಿರುಗಿಸುವುದು, ಓಡಿಸುವುದು ಎಲ್ಲವೂ ಆ ಎರಡು ಅಂಗೈಯಷ್ಟು ಜಾಗದ ಘರ್ಷಣೆಯಿಂದಲೇ ಆಗಬೇಕು. ಬೇಸಿಗೆಯಿಡೀ ರಸ್ತೆಯ ಮೇಲೆ ಕುಳಿತ ಧೂಳು, ಎಣ್ಣೆ, ಟೈರಿನ ಪುಡಿಗಳ ಮೇಲೆ ಜೂನಿನ ಮೊದಲ ಮಳೆ ಬಿದ್ದಾಗ ಅವೆಲ್ಲ ಸೇರಿ ತೆಳುವಾದ ಜಿಡ್ಡಿನ ಪದರವಾಗುತ್ತದೆ. ಹೊಲದಿಂದ ಡಾಂಬರಿಗೆ ಹತ್ತಿದ ಟ್ರ್ಯಾಕ್ಟರಿನ ಚಕ್ರಗಳು ಉದುರಿಸಿಹೋದ ಎರೆಮಣ್ಣು ನೆನೆದರೆ ಸಾಬೂನಿನಂತಾಗುತ್ತದೆ. ಸುಗ್ಗಿಯ ದಿನಗಳಲ್ಲಿ ಆಳಂದ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ವಾಹನಗಳ ಚಕ್ರವೇ ಒಕ್ಕಲಿ ಎಂದು ರಸ್ತೆಯ ಮೇಲೆ ಹರಡಿದ ತೊಗರಿ, ಕಡಲೆಗಳಂತೂ ಟೈರಿನ ಕೆಳಗೆ ಗುಂಡುಗಳಂತೆ ಉರುಳುತ್ತವೆ. ಘರ್ಷಣೆ ಅರ್ಧಕ್ಕಿಳಿದರೆ ಬ್ರೇಕು ಹಿಡಿದ ಮೇಲಿನ ದೂರ ಇಮ್ಮಡಿಯಾಗುತ್ತದೆ. ರೈತನ ಕಷ್ಟ ನನಗೆ ಗೊತ್ತು, ಕಣದ ಕೊರತೆಯೂ ಗೊತ್ತು; ಆದರೂ ತಿರುವಿನಲ್ಲಿ ರಾಶಿ ಹಾಕಬೇಡಿ ಎಂದು ಕೈಮುಗಿದು ಕೇಳಬೇಕೆನಿಸುತ್ತದೆ, ಏಕೆಂದರೆ ಓರೆಯಾಗಿ ತಿರುಗುತ್ತಿರುವ ಬೈಕು ತನ್ನ ಘರ್ಷಣೆಯ ಬಹುಪಾಲನ್ನು ತಿರುಗುವುದಕ್ಕೇ ಖರ್ಚು ಮಾಡಿರುತ್ತದೆ, ಬ್ರೇಕಿಗೆ ಅಲ್ಲಿ ಉಳಿಯುವುದು ಚಿಲ್ಲರೆ.

ಬ್ರೇಕಿನ ವಿಷಯದಲ್ಲಿ ನಮ್ಮಲ್ಲೊಂದು ಹಳೆಯ ತಪ್ಪು ನಂಬಿಕೆಯಿದೆ: ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿಯಾಗುತ್ತದೆ ಎಂಬುದು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರು ನೆಲಕ್ಕೆ ಒತ್ತುತ್ತದೆ, ಹಿಂದಿನದು ಹಗುರವಾಗುತ್ತದೆ. ಆದ್ದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದಲ್ಲೇ ಇರುತ್ತದೆ. ಹಿಂದಿನ ಬ್ರೇಕನ್ನಷ್ಟೇ ತುಳಿಯುವವನ ಹಗುರವಾದ ಹಿಂಚಕ್ರ ಜಾಮ್ ಆಗಿ ಜಾರುತ್ತದೆ. ನಾವು ಕೇಳುವ ಚೀರಾಟ ಅದೇ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಹಿಂಡುತ್ತಾ ಬಿಗಿಗೊಳಿಸಬೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ದ್ವಿಚಕ್ರ ವಾಹನಗಳಿಗೆಲ್ಲ, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವುಗಳಲ್ಲಿ ಎರಡೂ ಬ್ರೇಕುಗಳು ಜೊತೆಗೂಡಿ ಹಿಡಿಯುವ ವ್ಯವಸ್ಥೆಯಾದರೂ ಇರಬೇಕೆಂದಾಯಿತು. ಆದರೆ ಯಾವ ವ್ಯವಸ್ಥೆಯೂ ಮೂವರು ಕೂತ ಗಾಡಿಗಾಗಿ ತಯಾರಾದುದಲ್ಲ.

ಇದಿಷ್ಟೂ ಸವಾರ ಮತ್ತು ಅವನ ಗಾಡಿಯ ಮಾತಾಯಿತು. ಜನನಿಬಿಡ ರಸ್ತೆಯಲ್ಲಿ ಅವನ ಜೀವದ ದೊಡ್ಡ ಪಾಲು ಇರುವುದು ಇತರರ ಕಣ್ಣುಗಳಲ್ಲಿ. ಮನುಷ್ಯನ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಭಾಗ ನಾವು ಅಂದುಕೊಂಡದ್ದಕ್ಕಿಂತ ತೀರ ಚಿಕ್ಕದು. ತೋಳು ಚಾಚಿ ಹೆಬ್ಬೆರಳನ್ನು ನೋಡಿದರೆ ಆ ಉಗುರಿನಗಲವೇ ಹೆಚ್ಚುಕಡಿಮೆ ಅದರ ವ್ಯಾಪ್ತಿ. ಉಳಿದ ನೋಟವೆಲ್ಲ ಮಸುಕು. ಕಣ್ಣು ಜಿಗಿಜಿಗಿದು ಈ ಚಿಕ್ಕ ಕಿಂಡಿಯನ್ನು ಅತ್ತಿತ್ತ ಓಡಿಸುತ್ತದೆ, ಮಿದುಳು ಆ ತುಣುಕುಗಳನ್ನು ಹೊಲಿದು ಒಂದು ಪೂರ್ಣ ಚಿತ್ರ ಮಾಡಿಕೊಡುತ್ತದೆ. ಜಿಗಿಯುವ ಆ ಗಳಿಗೆಯಲ್ಲಿ ಕಣ್ಣು ಏನನ್ನೂ ಸರಿಯಾಗಿ ಗ್ರಹಿಸುವುದಿಲ್ಲ. ಜಗತ್ ಸರ್ಕಲ್‌ನಲ್ಲಿ ಕಾರಿನವನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಕತ್ತು ತಿರುಗಿಸಿದ ಮಾತ್ರಕ್ಕೆ ನಡುವಿನ ಬೈಕನ್ನು ಕಂಡಿದ್ದಾನೆ ಎಂದೇನೂ ಇಲ್ಲ. “ನೋಡೇ ಇಲ್ರೀ” ಎಂದು ಅವನು ಆಮೇಲೆ ಗೋಳಾಡುವಾಗ, ಎಷ್ಟೋ ಸಲ ಅದು ಅಕ್ಷರಶಃ ಸತ್ಯವಾಗಿರುತ್ತದೆ.

ಕಂಡರೂ ತೊಂದರೆ ಮುಗಿಯಲಿಲ್ಲ. ಅಮೆರಿಕದ ಮನೋವಿಜ್ಞಾನಿ ಪೆಟ್ರೀಷಿಯಾ ಡಿಲೂಸಿಯಾ 1991ರಲ್ಲಿ ತೋರಿಸಿದ ಸಂಗತಿಯೊಂದಿದೆ. ನಮ್ಮತ್ತ ಬರುತ್ತಿರುವ ಎರಡು ವಸ್ತುಗಳಲ್ಲಿ ಚಿಕ್ಕದು ಮೊದಲು ತಲಪುವಂತಿದ್ದರೂ, ದೊಡ್ಡದೇ ಮೊದಲು ತಲಪೀತು ಎಂದು ನಮಗೆ ಅನ್ನಿಸುತ್ತದೆ. ಲಾರಿಗೆ ಅಂಜಿ ನಿಲ್ಲುವ ಚಾಲಕ, ಅಷ್ಟೇ ದೂರದಲ್ಲಿ ಅಷ್ಟೇ ವೇಗದಲ್ಲಿ ಬರುತ್ತಿರುವ ಬೈಕಿನ ಮುಂದೆ ಗಾಡಿ ತಿರುಗಿಸಲು ಧೈರ್ಯ ಮಾಡುವುದು ಇದರಿಂದಲೇ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಹಗಲಲ್ಲೂ ಉರಿಯುತ್ತಲೇ ಇರುವುದು, ಎದುರಿನವರ ಕಣ್ಣಿಗೆ ಬೀಳಲೆಂದು. ಹಗಲಿನಲ್ಲಿ ದೀಪ ಏಕೆಂದು ಸ್ವಿಚ್ಚು ಹಾಕಿಸಿಕೊಳ್ಳುವವರು ತಮ್ಮನ್ನು ತಾವೇ ಅಳಿಸಿಕೊಳ್ಳುತ್ತಿದ್ದಾರೆ. ಸಂಜೆ ಸೇಡಂ ಕಡೆಯಿಂದ ಊರಿಗೆ ಬರುವಾಗ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಆಗ ನಿಮ್ಮ ಹಿಂದಿನ ಲಾರಿಯವನಿಗೂ ಅದೇ ಬಿಸಿಲು ಹೊಡೆಯುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಹುಡುಗನ ಬೆನ್ನ ಹಿಂದಿದ್ದ ಇಬ್ಬರು ಗೆಳೆಯರೂ ಭಾರವಷ್ಟೇ ಅಲ್ಲ. ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟಿದ್ದರು. ಹದಿಹರೆಯದವರು ಗೆಳೆಯರು ನೋಡುತ್ತಿದ್ದಾಗ ಒಂಟಿಯಾಗಿದ್ದಾಗಿನಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಪ್ರಬುದ್ಧ ವಯಸ್ಕರಲ್ಲಿ ಆ ವ್ಯತ್ಯಾಸವೇ ಕಾಣಲಿಲ್ಲ. ಆವೇಗವನ್ನು ತಡೆದು ಮುಂದಿನದನ್ನು ಯೋಚಿಸುವ ಮಿದುಳಿನ ಮುಂಭಾಗ ಇಪ್ಪತ್ತರ ನಡುವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಅದಕ್ಕೂ ಕೆಟ್ಟದ್ದೆಂದರೆ ಏನೂ ಆಗದೇ ಪಾರಾದ ಪ್ರತಿಯೊಂದು ಸಲವೂ ಮಿದುಳಿಗೆ ತಪ್ಪು ಪಾಠ ಕಲಿಸುತ್ತದೆ. ನೂರು ಸಲ ಗ್ಯಾಪಿನಲ್ಲಿ ತೂರಿದವನಿಗೆ ನೂರು ಸಾಕ್ಷಿಗಳಿವೆ, ಎಲ್ಲವೂ ಅವನ ಪರವಾಗಿಯೇ. ಹದಿನಾರು ತುಂಬದ ಮಗನಿಗೆ ‘ಅಂಗಡಿಗೆ ಹೋಗಿ ಬಾ’ ಎಂದು ಕೀಲಿ ಕೊಡುವ ತಂದೆ, ಈ ಸಾಕ್ಷಿಗಳನ್ನು ಬೇಗ ಬೇಗ ಒಟ್ಟುಮಾಡಿಕೊಡುತ್ತಿದ್ದಾನೆ ಎಂದೇ ನನ್ನ ಅಭಿಪ್ರಾಯ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತನ ಅಪರಾಧಕ್ಕೆ ಕಾನೂನು ಪಾಲಕರನ್ನೇ ಹೊಣೆ ಮಾಡುತ್ತದೆ.

ಇನ್ನು ಮೊಣಕೈಯ ಹೆಲ್ಮೆಟ್ಟು. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ, ಮೊದಲ ಮಹಾಯುದ್ಧದ ಕಾಲದ ಅರಬ್ ಹೋರಾಟದಲ್ಲಿ ಹೆಸರಾಗಿದ್ದ ಟಿ. ಇ. ಲಾರೆನ್ಸ್ ಎಂಬಾತ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರೂ ಇದ್ದರು. ಮುಂದೆ ಅವರು ಬೈಕ್ ಸವಾರರ ತಲೆಪೆಟ್ಟುಗಳನ್ನೇ ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಮಹತ್ವವನ್ನು ಎತ್ತಿ ತೋರಿದರು, ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ‘ಊರೊಳಗೆ ನಿಧಾನ ಹೋಗುತ್ತೇವೆ, ಅದೇಕೆ’ ಎನ್ನುವವರಿಗೆ ಸಣ್ಣ ಲೆಕ್ಕವೊಂದಿದೆ. ನಿಂತ ಗಾಡಿಯಿಂದಲೇ ಬಿದ್ದರೂ ಒಂದೂವರೆ ಮೀಟರ್ ಎತ್ತರದಲ್ಲಿದ್ದ ತಲೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿದಲೆ ಡಾಂಬರಿಗೆ ಬಡಿದು 3 ಮಿಲಿಮೀಟರಿನೊಳಗೆ ನಿಂತರೆ ಮಿದುಳಿನ ಮೇಲಿನ ಹೊಡೆತ ಗುರುತ್ವದ 500 ಪಟ್ಟು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲು 20 ಮಿಲಿಮೀಟರ್ ನಜ್ಜಾದರೆ ಅದೇ ಹೊಡೆತ 75 ಪಟ್ಟಿಗೆ ಇಳಿಯುತ್ತದೆ. ಹೊರಗಿನ ಗಟ್ಟಿ ಚಿಪ್ಪಿಗಿಂತ ಒಳಗಿನ ಈ ಮೆತ್ತನೆಯ ಪದರವೇ ಪ್ರಾಣ ಉಳಿಸುವುದು. ಒಮ್ಮೆ ನಜ್ಜಾದದ್ದು ಮತ್ತೆ ಉಬ್ಬುವುದಿಲ್ಲ, ಆದ್ದರಿಂದ ಬಿದ್ದ ಹೆಲ್ಮೆಟ್ಟನ್ನು ಬದಲಿಸಲೇಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ಟು ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಹೆಲ್ಮೆಟ್ಟು ಸಾವಿನ ಸಾಧ್ಯತೆಯನ್ನು ಸುಮಾರು ಪ್ರತಿಶತ 42ರಷ್ಟು, ತಲೆಪೆಟ್ಟಿನ ಸಾಧ್ಯತೆಯನ್ನು ಸುಮಾರು ಪ್ರತಿಶತ 69ರಷ್ಟು ತಗ್ಗಿಸುತ್ತದೆ ಎಂದು ಕಂಡುಬಂದಿದೆ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಹೆಲ್ಮೆಟ್ ಇಲ್ಲದ ದ್ವಿಚಕ್ರ ಸವಾರರೇ ಸುಮಾರು 50,000. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದರೊಳಗೆ ತಲೆ ಬೇಯುತ್ತದೆ ಎಂಬುದು ನಿಜವಾದ ಕಷ್ಟವೇ. ಗಾಳಿಕಿಂಡಿಗಳಿರುವ, ಐಎಸ್‌ಐ ಗುರುತಿನ, ತಿಳಿಬಣ್ಣದ ಹೆಲ್ಮೆಟ್ಟು, ಒಳಗೊಂದು ತೆಳು ಹತ್ತಿಯ ಬಟ್ಟೆ, ಇಷ್ಟರಿಂದ ಆ ಕಷ್ಟ ಸಾಕಷ್ಟು ಕಡಿಮೆಯಾಗುತ್ತದೆ ಎಂದು ನಾನು ನನ್ನ ತಲೆಯ ಮೇಲೆಯೇ ಕಂಡುಕೊಂಡಿದ್ದೇನೆ.

ಆ ಸಂಜೆ ಬಸ್ಸೂ ಆಟೊವೂ ಹೊರಟುಹೋದ ಮೇಲೆ ನಾನು ರಸ್ತೆಗಿಳಿದು ನೋಡಿದೆ. ಹುಡುಗ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿದ್ದ ಎಂದುಕೊಂಡರೂ ಸೆಕೆಂಡಿಗೆ 7 ಮೀಟರ್. ಆಕೆಯ ಕಾಲು ಹೊರಬಂದಾಗ ಅವನಿಗೂ ಅದಕ್ಕೂ ನಾಲ್ಕು ಮೀಟರ್ ಅಂತರವೂ ಇರಲಿಲ್ಲ. ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಕಣ್ಣಿಗಿಂತ ಕಿವಿಗೆ ದೇಹ ಬೇಗ ಸ್ಪಂದಿಸುತ್ತದೆ. ಹಾರ್ನ್ ಕೇಳಿದ ಕೂಡಲೇ ಆಕೆ ಕಾಲು ಎಳೆದುಕೊಂಡಿದ್ದರು. ಟೈರಿನ ಕರಿಯ ಗೆರೆ ಡಾಂಬರಿನ ಮೇಲೆ ಇನ್ನೂ ಹಸಿಯಾಗಿತ್ತು. ಅದು ಶುರುವಾದದ್ದು ಆ ಚಪ್ಪಲಿ ಬಿದ್ದ ಜಾಗದಿಂದ ಎರಡು ಹೆಜ್ಜೆ ಮುಂದೆ.