ಹದಿನಾಲ್ಕು ಜನ ನೋಡಿ ಹೋದ ಮನೆ

"ಸಾಹೇಬರೇ, ಇನ್ನೆಷ್ಟು ಇಳಿಸಲಿ?" ಹಳೆಯ ಮನೆ ಮಾರಲು ಹೊರಟು ಸೋತವರು ನನ್ನ ಬಳಿ ಬಂದು ಕೇಳುವ ಮೊದಲ ಪ್ರಶ್ನೆ ಇದು. ಬ್ಯಾಂಕುಗಳಿಗೆ ಆಸ್ತಿಯ ಮೌಲ್ಯಮಾಪನ ಮಾಡಿಕೊಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ವಿಜಯಪುರದ ಓಣಿಗಳಲ್ಲಿ ಟೇಪು ಹಿಡಿದು ಅಲೆದಿದ್ದೇನೆ. "ಒಂದು ಲಕ್ಷ ಇಳಿಸಿ" ಎಂದು ಹೇಳಿ ಫೀ ತೆಗೆದುಕೊಳ್ಳುವುದು ಬಹಳ ಸುಲಭ. ಆದರೆ ಇಳಿಸಿ ಇಳಿಸಿಯೇ ಕೆಟ್ಟ ಮನೆಗಳನ್ನು ಸಾಕಷ್ಟು ಕಂಡಿರುವುದರಿಂದ ನಾನು ತಿರುಗಿ ಬೇರೆಯದನ್ನೇ ಕೇಳುತ್ತೇನೆ: ಇಲ್ಲಿಯವರೆಗೆ ಯಾರು ಯಾರು ಬಂದಿದ್ದರು? ಎಲ್ಲಿಯವರೆಗೆ ಬಂದು ವಾಪಸು ಹೋದರು?

ಕಳೆದ ವರ್ಷ ಬಂದ ನಿವೃತ್ತ ಮಾಸ್ತರರು ಈ ಪ್ರಶ್ನೆಗೆ ತಡವರಿಸಲಿಲ್ಲ. ಕೋಟಿನ ಜೇಬಿನಿಂದ ಸಣ್ಣ ಡೈರಿ ತೆಗೆದರು. ಮೂವತ್ತೈದು ವರ್ಷ ಹಾಜರಿ ಹಾಕಿದ ಕೈ. ಎರಡೂವರೆ ವರ್ಷದಲ್ಲಿ ಹದಿನಾಲ್ಕು ಜನ. ದಿನಾಂಕ, ಊರು, ಆಡಿದ ಮಾತು, ಎಲ್ಲವೂ ಅದರಲ್ಲಿತ್ತು. ಅಗಸಿಯ ಒಳಗಿನ ಹಳೆಯ ಪೇಟೆಯಲ್ಲಿ ಇಪ್ಪತ್ತು ಅಡಿ ಅಗಲ, ಐವತ್ತು ಅಡಿ ಉದ್ದದ ಮನೆ. ಮೊದಲು ಹದಿನೆಂಟು ಲಕ್ಷ ಹೇಳಿದ್ದರು. ಆಮೇಲೆ ಹದಿನೈದೂವರೆ, ಕೊನೆಗೆ ಹದಿಮೂರು.

ಡೈರಿ ಓದಿದಾಗ ಒಂದು ವಿಷಯ ಎದ್ದು ಕಂಡಿತು. ಹದಿನಾಲ್ಕರಲ್ಲಿ ಒಬ್ಬನೂ ಕೊನೆಯವರೆಗೆ ಚೌಕಾಸಿ ಮಾಡಿರಲಿಲ್ಲ. ಬೆಲೆ ಹೆಚ್ಚೆನಿಸಿದವನು ಚೌಕಾಸಿ ಮಾಡುತ್ತಾನೆ, ಮುನಿಸಿಕೊಂಡು ಹೋಗುತ್ತಾನೆ, ವಾರ ಬಿಟ್ಟು ದಲಾಲನ ಕೈಯಲ್ಲಿ ಮತ್ತೆ ಕೇಳಿಸುತ್ತಾನೆ. ಇವರು ಹಾಗೆ ಹೋದವರಲ್ಲ. ನಾಲ್ವರು ಮನೆ ನೋಡಿ ಹೋದರು. ಏಳು ಜನ ಒಪ್ಪಿಕೊಂಡು, ಕಾಗದಪತ್ರಗಳ ಜೆರಾಕ್ಸ್ ಒಯ್ದು ಕಾಣೆಯಾದರು. ಉಳಿದ ಮೂವರು ಕೆಡವಿ ಹೊಸದು ಕಟ್ಟಬೇಕೆಂದು ಬಂದು, ಓಣಿಯ ಕಟ್ಟೆಯ ಮೇಲೆ ಕುಳಿತವರನ್ನು ಏನೋ ಕೇಳಿ, ಹಾಗೆಯೇ ಹೊರಟುಹೋದರು.

ಮನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಮಾಸ್ತರರು ಹೆಚ್ಚು ಹೆಮ್ಮೆ ಪಡುತ್ತಿದ್ದುದು ಅದರ ಬಗ್ಗೆ. ಕಲ್ಲು ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಸಾಗವಾನಿ ತೊಲೆ, ಪಡಸಾಲೆಯ ನೆತ್ತಿಗೆ ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನದಲ್ಲೂ ಒಳಗೆ ತಂಪು. "ಇಂಥ ಗೋಡೆ ಈಗ ಯಾರು ಕಟ್ಟುತ್ತಾರೆ?" ಎಂದು ತಟ್ಟಿ ತೋರಿಸಿದರು. ನಿಜ, ಯಾರೂ ಕಟ್ಟುವುದಿಲ್ಲ. ಆದರೆ ಆ ಗೋಡೆಯ ದಪ್ಪ ಎರಡೂವರೆ ಅಡಿ. ಎರಡೂ ಪಕ್ಕದ ಗೋಡೆ ಕಳೆದರೆ ಇಪ್ಪತ್ತು ಅಡಿಯ ಅಗಲ ಹದಿನೈದಾಯಿತು. ಮುಂದೆ, ಹಿಂದೆ, ನಡುವೆ ಎರಡು ಅಡ್ಡಗೋಡೆ ಕಳೆದರೆ ಐವತ್ತು ಅಡಿಯ ಉದ್ದ ನಲವತ್ತಾಯಿತು. ಸಾವಿರ ಚದರ ಅಡಿ ಜಾಗದಲ್ಲಿ ಜನ ಓಡಾಡುವುದು ಆರುನೂರು ಅಡಿಯಲ್ಲಿ. ನಾನೂರು ಅಡಿಯಲ್ಲಿ ಗೋಡೆಗಳೇ ವಾಸವಾಗಿವೆ.

ಪಡಸಾಲೆಯ ಪರಸಿ ಕಲ್ಲಿನ ಮೇಲೆ ನಡೆಯುವಾಗ ಒಂದು ಕಡೆ ನನ್ನ ಬೂಟಿನ ಸದ್ದು ಬದಲಾಯಿತು. ಸುತ್ತಿಗೆಯ ಹಿಡಿಯಿಂದ ಕುಟ್ಟಿದೆ. ಟಕ್, ಟಕ್, ಆಮೇಲೆ ಡಬ್. "ಇಲ್ಲಿ ಹಗೇವು ಇತ್ತೇ?" ಎಂದೆ. ಮಾಸ್ತರರ ಮುಖ ಸಣ್ಣದಾಯಿತು. ಅಜ್ಜನ ಕಾಲದ್ದು, ಜೋಳ ತುಂಬುತ್ತಿದ್ದರಂತೆ. ಬಾಯಿಗೆ ಕಲ್ಲು ಮುಚ್ಚಿ ಮೇಲೆ ಪರಸಿ ಹಾಸಿದ್ದಾರೆ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಇದು ಅಪರೂಪವಲ್ಲ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಮಡಕೆಯ ಹೊಟ್ಟೆಯಂತೆ ಅಗಲ. ಬಹಳ ದಿನ ಮುಚ್ಚಿದ್ದ ಹಗೇವನ್ನು ತೆರೆದೊಡನೆ ಇಳಿಯಬಾರದು, ಒಳಗಿನ ಕೆಟ್ಟ ಗಾಳಿಗೆ ಜೀವ ಹೋದೀತು ಎಂದು ಹಿರಿಯರು ಹೇಳುತ್ತಿದ್ದ ಎಚ್ಚರಿಕೆಯಲ್ಲಿ ಅರ್ಥವಿತ್ತು. ಕೊಳ್ಳುವವನಿಗೆ ಬೇರೆಯದೇ ಭಯ: ನಾಳೆ ಪಿಲ್ಲರಿಗೆ ಗುಂಡಿ ತೋಡುವಾಗ ಈ ಟೊಳ್ಳು ಎಲ್ಲಿಗೆ ಬರುತ್ತದೆ? ಇದನ್ನು ಸರಿಪಡಿಸಬಹುದು. ತೆರೆದು, ಗಾಳಿಯಾಡಿಸಿ, ಕಲ್ಲು ಮುರುಮು ತುಂಬಿ, ಹಂತ ಹಂತವಾಗಿ ದಮ್ಮಸು ಮಾಡಿಸಿದರೆ ಆಯಿತು. ಮುಚ್ಚಿಟ್ಟದ್ದೇ ತಪ್ಪು. ಆ ನಾಲ್ವರಲ್ಲಿ ಒಬ್ಬ ಗೌಂಡಿ ಎಂದು ಡೈರಿಯಲ್ಲಿ ಬರೆದಿತ್ತು. ಅವನ ಕಿವಿಗೂ ಆ ಡಬ್ ಎಂಬ ಸದ್ದು ಬಿದ್ದಿರಲೇಬೇಕು.

ಓಣಿಯ ಅಗಲ ಏಳು ಅಡಿ. ಟಿಪ್ಪರ್ ಬರುವುದಿಲ್ಲ, ಜೆಸಿಬಿಯೂ ಬರುವುದಿಲ್ಲ. ಕೆಡವಿದ ಮಣ್ಣು ಹೊರಗೆ ಹೋಗಬೇಕಾದರೂ, ಮರಳು ಸಿಮೆಂಟು ಒಳಗೆ ಬರಬೇಕಾದರೂ ಬುಟ್ಟಿಯಲ್ಲೋ ಕೈಗಾಡಿಯಲ್ಲೋ. ಬಲಗಡೆಯ ಗೋಡೆ ನೆರೆಮನೆಯವರೊಂದಿಗೆ ಸಾಮಾಯಿಕ. ಅದನ್ನು ಮುಟ್ಟಿದರೆ ಅವರ ತೊಲೆಗಳೂ ಅಲುಗುತ್ತವೆ. ವಾಸ್ತುವಿನ ಮಾತೂ ಬಂದಿತ್ತು, ಬಾಗಿಲು ದಕ್ಷಿಣಕ್ಕಿದೆ ಎಂದು. ದಕ್ಷಿಣದ ಬಾಗಿಲಿನ ಮನೆಗಳು ದಿನಾಲೂ ಮಾರಾಟವಾಗುತ್ತವೆ. ಬೇಡ ಎನ್ನುವುದಕ್ಕೆ ಮರ್ಯಾದೆಯ ನೆಪ ಬೇಕಾದಾಗ ಜನ ವಾಸ್ತುವನ್ನು ಕರೆಯುತ್ತಾರೆ, ಅಷ್ಟೇ.

ಈಗ ಆ ಏಳು ಜನರ ವಿಷಯ. ಜೆರಾಕ್ಸ್ ಒಯ್ದು ಮರಳಿ ಬಾರದವರು ಮನೆಯನ್ನಲ್ಲ, ಕಾಗದವನ್ನು ತಿರಸ್ಕರಿಸಿದ್ದಾರೆ. ಸಿಟಿ ಸರ್ವೆ ಉತಾರ, ಅಂದರೆ ಮಾಲೀಕರ ಹೆಸರಿರುವ ದಾಖಲೆ, ಇನ್ನೂ ಮಾಸ್ತರರ ತಂದೆಯ ಹೆಸರಿನಲ್ಲಿಯೇ ಇತ್ತು. ತಂದೆ ತೀರಿಕೊಂಡದ್ದು 1998ರಲ್ಲಿ. ಅಣ್ಣ ತಮ್ಮಂದಿರು ಹಿರಿಯರ ಮುಂದೆ ಬಾಯಿಮಾತಿನ ವಾಟ್ನಿ (ಪಾಲುಹಂಚಿಕೆ) ಮಾಡಿಕೊಂಡು, ಹೊಲ ತಮ್ಮನಿಗೆ, ಮನೆ ಅಣ್ಣನಿಗೆ ಎಂದು ಮುಗಿಸಿದ್ದರು. ಮೂವರು ಅಕ್ಕ ತಂಗಿಯರ ಪಾಲೂ ಇದೆ ಎಂಬುದು ಮಾಸ್ತರರು ಎರಡನೆಯ ಚಹಾ ಕುಡಿಯುವಾಗ ಹೊರಬಂದ ಮಾತು. "ಅವರು ಕೇಳುವವರಲ್ಲ" ಎಂದರು. ಅವರು ಕೇಳದಿರಬಹುದು, ಬ್ಯಾಂಕಿನ ವಕೀಲರು ಕೇಳುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿಯೇ ತಂದೆಯ ಆಸ್ತಿಗೆ ಮಗಳು ವಾರಸುದಾರಳು. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿಯೂ ಅವಳನ್ನು ಮಗನಿಗೆ ಸರಿಸಮ ಮಾಡಿತು. ಅವರ ಹಕ್ಕುಬಿಡುಗಡೆ ಪತ್ರ ನೋಂದಣಿಯಾಗದೆ ಬ್ಯಾಂಕಿನ ವಕೀಲರು ಈ ಮನೆಗೆ ಒಪ್ಪಿಗೆಯ ಅಭಿಪ್ರಾಯ ಬರೆಯುವುದಿಲ್ಲ. ಇದರ ಮೇಲೆ, 2024ರ ಅಕ್ಟೋಬರಿನಿಂದ ಇ-ಖಾತೆ (ಆಸ್ತಿಯ ಗಣಕೀಕೃತ ಖಾತೆ) ಇಲ್ಲದೆ ನೋಂದಣಿಯೇ ಇಲ್ಲ. ತೀರಿಹೋದವರ ಹೆಸರಿನಲ್ಲಿರುವ ಉತಾರ ಹಿಡಿದುಕೊಂಡು ಇ-ಖಾತೆ ಮಾಡಿಸಲು ಹೋದರೆ ಮೊದಲು ವಾರಸಾ ಮಾಡಿಸಿಕೊಂಡು, ಅಂದರೆ ವಾರಸುದಾರರ ಹೆಸರಿಗೆ ದಾಖಲೆ ಬದಲಿಸಿಕೊಂಡು ಬನ್ನಿ ಎನ್ನುತ್ತಾರೆ.

ಅಗ್ಗದ ಮನೆಯ ತಿರುಗುಮುರುಗು ಲೆಕ್ಕ ಶುರುವಾಗುವುದು ಇಲ್ಲಿ. ಮೂವತ್ತು ಲಕ್ಷದವರೆಗಿನ ಗೃಹಸಾಲದಲ್ಲಿ ಮೌಲ್ಯದ ಶೇ. 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಆದರೆ ಮೌಲ್ಯ ಬರೆಯುವವನು ನನ್ನಂಥವನು. ಮಣ್ಣಿನ ಗೋಡೆಯ, ನೂರರ ಹತ್ತಿರದ ವಯಸ್ಸಿನ ಕಟ್ಟಡ ಇನ್ನೆಷ್ಟು ವರ್ಷ ಬಾಳುತ್ತದೆ ಎಂಬ ಕಲಮಿನಲ್ಲಿ ಇಪ್ಪತ್ತು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಸಾಲದ ಅವಧಿಗಿಂತ ಕಟ್ಟಡದ ಆಯುಸ್ಸು ಕಡಿಮೆ ಎಂದು ಕಂಡರೆ ಬ್ಯಾಂಕು ಹಿಂದೆ ಸರಿಯುತ್ತದೆ. ಅಂದರೆ ಈ ಮನೆಗೆ ಹದಿಮೂರು ಲಕ್ಷ ನಗದು ಬೇಕು. ಹದಿಮೂರು ಲಕ್ಷ ನಗದು ಇರುವವನು ಊರ ಹೊರಗೆ, ಸೋಲಾಪುರ ರಸ್ತೆಯ ಕಡೆಗೋ ಎಲ್ಲಿಗೋ, ಕಾರು ನಿಲ್ಲುವ ಪ್ಲಾಟು ಹುಡುಕುತ್ತಾನೆ. ಹದಿಮೂರು ಲಕ್ಷದ ಮನೆ ಬೇಕು ಎನ್ನುವವನ ಕೈಯಲ್ಲಿ ಎರಡು ಲಕ್ಷವೂ ಇರುವುದಿಲ್ಲ. ಬೆಲೆ ಇಳಿದಂತೆಲ್ಲ ಬರುವ ಗಿರಾಕಿ ಸಾಲವನ್ನೇ ನಂಬಿ ಬಂದವನಾಗಿರುತ್ತಾನೆ, ಮತ್ತು ಸಾಲ ಸಿಗದ ಮನೆಯ ಬಾಗಿಲಿಗೆ ಅವನೇ ಬಂದು ನಿಲ್ಲುತ್ತಾನೆ.

ಇಳಿಸುವುದಕ್ಕೊಂದು ತಳವೂ ಇದೆ. ಆ ಓಣಿಗೆ ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರದಂತೆ ಈ ಆಸ್ತಿಯ ಬೆಲೆ ಹದಿನೈದು ಲಕ್ಷ. ಹದಿಮೂರಕ್ಕೆ ಕೊಂಡರೂ ಮುದ್ರಾಂಕ ಮತ್ತು ನೋಂದಣಿ ಶುಲ್ಕ ಹದಿನೈದರ ಮೇಲೆಯೇ. ನೋಂದಣಿ ಶುಲ್ಕ ಶೇ. 2ಕ್ಕೆ ಏರಿದ ಮೇಲೆ ನಗರದಲ್ಲಿ ಎಲ್ಲ ಸೇರಿ ಶೇ. 7.6, ಅಂದರೆ ಒಂದು ಲಕ್ಷ ಹದಿನಾಲ್ಕು ಸಾವಿರ. ಸರ್ಕಾರಿ ಬೆಲೆಗೂ ಖರೀದಿ ಬೆಲೆಗೂ ಇರುವ ಅಂತರ ಶೇ. 10ನ್ನು ದಾಟಿದರೆ, ಆ ಎರಡು ಲಕ್ಷವನ್ನು ಆದಾಯ ತೆರಿಗೆಯವರು ಕೊಂಡವನ ಆದಾಯವೆಂದು ಎಣಿಸುತ್ತಾರೆ; ಮಾರಿದವನ ಲಾಭವನ್ನೂ ಹದಿನೈದರಿಂದಲೇ ಲೆಕ್ಕ ಹಾಕುತ್ತಾರೆ. ಮಾಸ್ತರರು ಕೊನೆಯ ಸಲ ಇಳಿಸಿದ್ದರಿಂದ ಯಾರಿಗೂ ಉಪಕಾರವಾಗಲಿಲ್ಲ, ಗಿರಾಕಿಗೊಂದು ತಲೆನೋವು ಹೆಚ್ಚಾಯಿತು.

ಇನ್ನುಳಿದ ಮೂವರು ನಗದಿನವರೇ. ಹಳೆಯ ಮನೆಯನ್ನು ಜಾಗದ ಲೆಕ್ಕದಲ್ಲಿ ಕೊಳ್ಳುವವರು. ಅವರಿಗೆ ಕಟ್ಟೆಯವರು ಹೇಳಿದ್ದು: "ಇಲ್ಲಿ ಒಂದು ಇಟ್ಟಿಗೆಯನ್ನೂ ಇಡಲು ಬಿಡುವುದಿಲ್ಲ, ಸ್ಮಾರಕದ ಹತ್ತಿರ ಇದೆ." ಆದಿಲ್‌ಶಾಹಿಗಳ ಊರಿನಲ್ಲಿ ಈ ಮಾತನ್ನು ಯಾರಾದರೂ ನಂಬುತ್ತಾರೆ. ಗೋಳಗುಮ್ಮಟ, ಬಾರಾ ಕಮಾನ, ಜಾಮಿಯಾ ಮಸೀದಿ, ಅಸಾರ್ ಮಹಲ್ ಎಂದು ಹೆಜ್ಜೆಗೊಂದು ಸಂರಕ್ಷಿತ ಸ್ಮಾರಕ. ಆದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಲ್ಲಿ ಎರಡು ಉಂಗುರಗಳಿವೆ. ಸಂರಕ್ಷಿತ ಗಡಿಯಿಂದ ಮೊದಲ ನೂರು ಮೀಟರು ನಿಷೇಧಿತ. ಅಲ್ಲಿ ಹೊಸ ಕಟ್ಟಡ ಇಲ್ಲ, ಹಳೆಯದರ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ ಇನ್ನೂರು ಮೀಟರು ನಿಯಂತ್ರಿತ. ಅಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಅನುಮತಿ ಪಡೆದು ಹೊಸದಾಗಿ ಕಟ್ಟಬಹುದು. ನಕ್ಷೆ ಹರಡಿ ಅಳೆದಾಗ ಮಾಸ್ತರರ ಮನೆ ನೂರಾ ಅರವತ್ತರ ಆಸುಪಾಸಿನಲ್ಲಿತ್ತು. ತಡವಾಗುತ್ತದೆ, ಎತ್ತರಕ್ಕೆ ಮಿತಿ ಬೀಳುತ್ತದೆ, ಆದರೆ ಬಾಗಿಲು ಮುಚ್ಚಿಲ್ಲ. ಎರಡೂವರೆ ವರ್ಷದಲ್ಲಿ ಯಾರೂ ಅಳೆದು ನೋಡಿರಲಿಲ್ಲ. ದಲಾಲರಿಬ್ಬರೂ ಕಟ್ಟೆಯ ಮಾತನ್ನೇ ನಂಬಿ ಕೈಬಿಟ್ಟಿದ್ದರು.

ಕೊನೆಗೆ ನಾನು ಕೇಳಿದ್ದು, "ಬಲಗಡೆ ಮನೆಯವರನ್ನು ಕೇಳಿದಿರಾ?" ಸಾಮಾಯಿಕ ಗೋಡೆ ಬೇರೆಯವರಿಗೆಲ್ಲ ಕಂಟಕ, ಅವರಿಗೆ ಮಾತ್ರ ಲಾಭ. ಎರಡೂ ಜಾಗ ಸೇರಿದರೆ ಅವರದು ನಲವತ್ತು ಅಡಿಯ ಮುಖ. ಮಾಸ್ತರರು ಬಹಳ ಹೊತ್ತು ಬೆಳಕಿಂಡಿಯ ಕಡೆಗೆ ನೋಡುತ್ತ ಕುಳಿತರು. ಗಟಾರಿನ ನೀರಿನ ಜಗಳದಿಂದ ಹನ್ನೊಂದು ವರ್ಷ ಎರಡು ಮನೆಗಳ ನಡುವೆ ಮಾತಿರಲಿಲ್ಲವಂತೆ.

ದೀಪಾವಳಿಯ ಹೊತ್ತಿಗೆ ಅವರ ಶ್ರೀಮತಿಯವರೇ ಕರದಂಟಿನ ಡಬ್ಬಿ ಹಿಡಿದು ಪಕ್ಕದ ಮನೆಯ ಮೆಟ್ಟಿಲು ಹತ್ತಿದರು. ಈಗ ಹಗೇವು ತುಂಬಿದೆ. ಇಬ್ಬರು ಅಕ್ಕಂದಿರು ನೋಂದಣಿ ಕಚೇರಿಗೆ ಬಂದು ಸಹಿ ಮಾಡಿದ್ದಾರೆ. ಒಬ್ಬರು ಸಹಿಗಿಂತ ಮೊದಲು ಪಡಸಾಲೆಯಲ್ಲಿ ಒಂದು ರಾತ್ರಿ ಮಲಗಬೇಕೆಂದು ಹಟ ಹಿಡಿದು ಮಲಗಿ ಹೋದರು. ತೀರಿಹೋದ ತಂಗಿಯ ಮಗಳು ಸಾಂಗಲಿಯಲ್ಲಿದ್ದಾಳೆ. ಅವಳದೊಂದು ಸಹಿ ಬಾಕಿಯಿದ್ದು, ಮಾಸ್ತರರು ಮುಂದಿನ ಗುರುವಾರದ ಬಸ್ಸಿಗೆ ಹೊರಟಿದ್ದಾರೆ. ಬೆಲೆಯನ್ನು ಹದಿನಾರಕ್ಕೆ ಏರಿಸಿದ್ದಾರೆ. ಪಕ್ಕದ ಮನೆಯವರು ಹದಿನೈದೂಕಾಲು ಎಂದು ಚೌಕಾಸಿ ಶುರು ಮಾಡಿದ್ದಾರೆ.