ಹೆದೆಯ ಸದ್ದು ಮೊದಲು, ಬಾಣ ಆಮೇಲೆ

ನವೆಂಬರ್ ತಿಂಗಳು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಓಕ್ ಕಾಡು. ನೆಲದಿಂದ 18 ಅಡಿ ಮೇಲೆ, ಮರಕ್ಕೆ ಬಿಗಿದ ಪುಟ್ಟ ಅಟ್ಟಣೆಯಲ್ಲಿ ಬಿಲ್ಲುಗಾರನೊಬ್ಬ ಮಧ್ಯಾಹ್ನದಿಂದ ಅಲುಗಾಡದೆ ಕೂತಿದ್ದಾನೆ. ಸಂಜೆ ಹೊತ್ತಿಗೆ ಬಿಳಿಬಾಲದ ಗಂಡು ಜಿಂಕೆಯೊಂದು ಓಕ್ ಕಾಯಿ ಮೇಯುತ್ತಾ ಬಂತು. 40 ಮೀಟರ್ ದೂರದಲ್ಲಿ ಅಡ್ಡಲಾಗಿ ನಿಂತಿತು. ಗುರಿ ಸರಿಯಾಗಿತ್ತು, ಕೈ ನಡುಗಲಿಲ್ಲ. ಬಾಣ ಬಿಟ್ಟ. ಜಿಂಕೆ ನಿಂತಲ್ಲೇ ಕುಸಿದ ಹಾಗೆ ಕಂಡಿತು. ಬಾಣ ಅದರ ಬೆನ್ನ ಮೇಲಿಂದ ಹಾದು ಮಣ್ಣಿಗೆ ನಾಟಿತು. ಬಾವುಟದಂತೆ ಬಾಲ ಎತ್ತಿಕೊಂಡು ಜಿಂಕೆ ಮಾಯವಾಯಿತು.

ಕೈತಪ್ಪಿದ ಇಂಥ ಅವಕಾಶ ಅಲ್ಲಿನ ಬಿಲ್ಲು ಬೇಟೆಗಾರರಿಗೆ ಹೊಸದಲ್ಲ. ಜಿಂಕೆ ಹೀಗೆ ಕುಸಿದು ತಪ್ಪಿಸಿಕೊಳ್ಳುವುದನ್ನು ಅವರು 'ಸ್ಟ್ರಿಂಗ್ ಜಂಪಿಂಗ್', ಅಂದರೆ ಹೆದೆಗೆ ಬೆಚ್ಚಿ ಜಿಗಿಯುವುದು, ಅನ್ನುತ್ತಾರೆ. ಜಿಂಕೆ ಬಾಣವನ್ನು ನೋಡಿ ತಲೆ ತಗ್ಗಿಸಿತು ಅಂತ ಮೊದಲು ಅನ್ನಿಸುತ್ತದೆ. ಆದರೆ ಅದು ನೋಡಿದ್ದಲ್ಲ, ಕೇಳಿದ್ದು.

ಅಷ್ಟು ಎತ್ತರದಲ್ಲಿ ಕೂರುವುದೇ ಜಿಂಕೆಯ ಕಣ್ಣು ಮತ್ತು ಮೂಗನ್ನು ತಪ್ಪಿಸಲು. ಅದರ ಕಣ್ಣು ತಲೆಯ ಎರಡೂ ಬದಿಗೆ ಇರುವುದರಿಂದ ನೆಲಮಟ್ಟದಲ್ಲಿ ಸುತ್ತಲಿನ ಬಹುಪಾಲು ಒಟ್ಟಿಗೇ ಕಾಣುತ್ತದೆ. ಮೇಲಕ್ಕೆ ಅಷ್ಟು ಗಮನ ಹೋಗುವುದಿಲ್ಲ. ಮನುಷ್ಯನ ವಾಸನೆಯೂ ಎತ್ತರದಲ್ಲಿ ಸ್ವಲ್ಪ ದೂರ ಅದರ ತಲೆಯ ಮೇಲೆಯೇ ತೇಲಿಹೋಗುತ್ತದೆ. ಆದರೆ ಸಂಜೆ ಗಾಳಿ ತಣ್ಣಗಾಗಿ ಇಳಿಜಾರಿನುದ್ದಕ್ಕೂ ಕೆಳಗೆ ಹರಿಯತೊಡಗಿದರೆ ವಾಸನೆಯೂ ಜೊತೆಗೇ ಇಳಿಯುತ್ತದೆ. ಹಾಗಾಗಿ ಅನುಭವಸ್ಥರು ಮರ ಆರಿಸುವ ಮೊದಲು ಗಾಳಿ ನೋಡುತ್ತಾರೆ. ಕಣ್ಣು, ಮೂಗು ಎರಡನ್ನೂ ಹೀಗೆ ಹೇಗೋ ತಪ್ಪಿಸಬಹುದು. ಕಿವಿಗೆ ಮಾತ್ರ ಎತ್ತರದಿಂದ ಪರಿಹಾರ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ತುದಿಗಳಲ್ಲಿ ರಾಟೆ ಇರುವ ಇಂದಿನ ಕಾಂಪೌಂಡ್ ಬಿಲ್ಲಿನಿಂದ ಹೊರಟ ಬಾಣದ ವೇಗ ಸೆಕೆಂಡಿಗೆ ಸುಮಾರು 80 ಮೀಟರ್. ಕೇಳಲು ಜಾಸ್ತಿಯೇ, ಅಲ್ವಾ? ಆದರೆ ಹೆದೆ ಮಿಡಿದ ಸದ್ದು ಆ ಚಳಿಯಲ್ಲೂ ಸೆಕೆಂಡಿಗೆ ಸುಮಾರು 330 ಮೀಟರ್ ಓಡುತ್ತದೆ, ಅಂದರೆ ಬಾಣದ ನಾಲ್ಕು ಪಟ್ಟು. 40 ಮೀಟರ್ ದಾಟಲು ಬಾಣಕ್ಕೆ ಅರ್ಧ ಸೆಕೆಂಡ್ ಬೇಕು. ಸದ್ದಿಗೆ ಸಾಕಾಗುವುದು 0.12 ಸೆಕೆಂಡ್. ಬೆಚ್ಚಿ ಕಾಲು ಮಡಚಲು ಜಿಂಕೆಗೆ 0.1 ಸೆಕೆಂಡ್ ಬೇಕು ಎಂದುಕೊಂಡರೂ ಇನ್ನೂ 0.28 ಸೆಕೆಂಡ್ ಉಳಿಯಿತು. ಸುಮ್ನೆ ಕೈಬಿಟ್ಟ ಕಲ್ಲು ಅಷ್ಟು ಹೊತ್ತಿನಲ್ಲಿ 38 ಸೆಂಟಿಮೀಟರ್ ಬೀಳುತ್ತದೆ. ಕಾಲು ಮಡಚಿದ ಜಿಂಕೆಯ ಮೈಯೂ ಹೆಚ್ಚುಕಡಿಮೆ ಹಾಗೇ ಬೀಳಬಲ್ಲದು. ಎದೆಗೆ ಇಟ್ಟ ಗುರಿ ಬೆನ್ನ ಮೇಲೆ ಹೋಗಲು ಅಷ್ಟು ಸಾಕು. ಅದೇ ಜಿಂಕೆ 25 ಮೀಟರಿನಲ್ಲಿ ನಿಂತಿದ್ದರೆ ಇದೇ ಲೆಕ್ಕದಲ್ಲಿ ಬೀಳುತ್ತಿದ್ದುದು 9 ಸೆಂಟಿಮೀಟರ್ ಮಾತ್ರ. ದೂರ 15 ಮೀಟರ್ ಹೆಚ್ಚಿದ್ದಕ್ಕೆ ಬೀಳುವ ಅಳತೆ ನಾಲ್ಕು ಪಟ್ಟಾಯಿತು, ಯಾಕೆಂದರೆ ಬೀಳುವ ವಸ್ತು ಹೊತ್ತು ಕಳೆದಂತೆ ವೇಗ ಏರಿಸಿಕೊಳ್ಳುತ್ತದೆ.

ಓಡಬೇಕಾದ ಪ್ರಾಣಿ ಕೆಳಗೆ ಯಾಕೆ ಕುಸಿಯಿತು? ನಿಂತಲ್ಲೇ ಒಮ್ಮೆ ಮೇಲಕ್ಕೆ ಜಿಗಿದು ನೋಡಿ. ಮಂಡಿ ಬಗ್ಗಿಸದೆ ಆಗುವುದಿಲ್ಲ. ಜಿಂಕೆಗೂ ಅಷ್ಟೇ. ಅದು ಬಾಣ ತಪ್ಪಿಸಲು ಕುಸಿದದ್ದಲ್ಲ, ಓಡಲು ಕಾಲಿಗೆ ಬಲ ತುಂಬಿಕೊಂಡದ್ದು. ಹಠಾತ್ ಸದ್ದಿಗೆ ಬೆಚ್ಚುವ ಈ ಕೆಲಸ ಮಿದುಳಿನ ಕಾಂಡದಲ್ಲೇ ಮುಗಿಯುತ್ತದೆ. ಯೋಚನೆ ಮಾಡುವ ಭಾಗದ ಅಪ್ಪಣೆಗೆ ಕಾಯುವುದಿಲ್ಲ. ಬಾಣ, ಬಿಲ್ಲು ಯಾವುದೂ ಜಿಂಕೆಗೆ ಗೊತ್ತಿರಬೇಕಿಲ್ಲ.

ಮೊದಲೇ ಅನುಮಾನ ಹತ್ತಿದ ಜಿಂಕೆ ಇನ್ನೂ ಬೇಗ ಬೆಚ್ಚುತ್ತದೆ. ನಡೆಯುತ್ತಿರುವ ಜಿಂಕೆಯನ್ನು ನಿಲ್ಲಿಸಲು ಬೇಟೆಗಾರರು ಬಾಯಲ್ಲಿ 'ಮ್ಯಾ' ಎಂದು ಸಣ್ಣಗೆ ಕೂಗುವುದುಂಟು. ಅದು ನಿಲ್ಲುತ್ತದೆ, ನಿಜ. ಆದರೆ ಕಿವಿ ನಿಮಿರಿಸಿಕೊಂಡು, ಸ್ನಾಯು ಬಿಗಿದುಕೊಂಡು ನಿಲ್ಲುತ್ತದೆ. ಬಾಣ ಬಿಡಲು ಸಿಕ್ಕ ಆ ಗಳಿಗೆಯೇ ಬಾಣ ತಪ್ಪಿಸುವ ಗಳಿಗೆಯೂ ಆಗಿಬಿಡುತ್ತದೆ. ಇಂಥ ಹೊತ್ತಲ್ಲಿ, ಅಷ್ಟು ದೂರಕ್ಕೆ ಬಾಣ ಬಿಡಲೇಬಾರದು ಅನ್ನುವವರ ಮಾತೇ ನನಗೆ ಸರಿ ಕಾಣುತ್ತದೆ. ಪೂರ್ತಿ ತಪ್ಪಿದರೆ ಜಿಂಕೆ ಬದುಕುತ್ತದೆ. ಅರ್ಧ ತಪ್ಪಿದರೆ ಗಾಯ ಹೊತ್ತು ಎಲ್ಲೋ ನರಳುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಜಿಂಕೆ ಬೇಟೆಗೆ ಅವಕಾಶವಿಲ್ಲ. ಆದರೆ ಆ ಕಿವಿಗಳ ಕೆಲಸವನ್ನು ಬಂಡೀಪುರದಲ್ಲೂ ನೋಡಬಹುದು. ಮೇಯುತ್ತಿರುವ ಚುಕ್ಕಿಜಿಂಕೆಯನ್ನು ಗಮನಿಸಿ. ತಲೆ ಹುಲ್ಲಿನಲ್ಲೇ ಇರುತ್ತದೆ. ಒಂದು ಕಿವಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗುತ್ತಿರುತ್ತದೆ. ಎಲ್ಲೋ ಕಡ್ಡಿ ಮುರಿದರೆ ತಲೆ ಎತ್ತಿ, ಮುಂಗಾಲನ್ನು ನೆಲಕ್ಕೆ ಕುಟ್ಟುತ್ತದೆ. ಬಿಳಿಬಾಲದ ಜಿಂಕೆಯೂ ಹೀಗೇ ಕಾಲು ಕುಟ್ಟುತ್ತದೆ.

ಓಕ್ ಕಾಡಿನ ಬಿಲ್ಲುಗಾರ ಕೆಳಗಿಳಿದು ಮೊದಲು ಬಾಣ ಕಿತ್ತು ನೋಡಿದ. ರಕ್ತ ಇಲ್ಲ, ಒಂದು ಕೂದಲೂ ಇಲ್ಲ. ಗರಿಗಳು ಒಣಗಿದ್ದವು. ಜಿಂಕೆ ನಿಂತಿದ್ದ ಜಾಗದಲ್ಲಿ ತರಗೆಲೆ ಚದುರಿತ್ತು. ಹಸಿ ಮಣ್ಣಿನಲ್ಲಿ ಸೀಳುಗೊರಸುಗಳು ಅಗಲವಾಗಿ ಬಿಚ್ಚಿಕೊಂಡು ಆಳಕ್ಕೆ ಊರಿದ್ದವು. ಅವುಗಳ ಹಿಂದೆ, ಸುಮ್ಮನೆ ನಡೆಯುವಾಗ ನೆಲ ಮುಟ್ಟದ ಎರಡು ಪುಟ್ಟ ಗೊರಸಿನ ಗುರುತೂ ಮೂಡಿತ್ತು.