ಸ್ವರ ಅದೇ, ಕೆಳಗಿನ ನೆಲ ಬೇರೆ

ಸೆಕೆಂಡಿಗೆ 360 ಸಲ ಕಂಪಿಸುವ ಒಂದು ನಾದವಿದೆ ಅಂದುಕೊಳ್ಳಿ. ಅದು ಯಾವ ಸ್ವರ? ಇಷ್ಟರಿಂದಲೇ ಹೇಳಲು ಆಗುವುದಿಲ್ಲ. ಕೆಳಗೆ 240ರ ಶ್ರುತಿ, ಅಂದರೆ ನೆಲದ ಹಾಗೆ ಸದಾ ನುಡಿಯುವ ಆಧಾರ ಸ್ವರ (ಷಡ್ಜ, ‘ಸ’) ಇದ್ದರೆ ಅದು ಪಂಚಮ (‘ಪ’). ಶ್ರುತಿ 270 ಆದರೆ ಅದೇ ನಾದ ಶುದ್ಧ ಮಧ್ಯಮ (‘ಮ’). 288 ಆದರೆ ಅಂತರ ಗಾಂಧಾರ (‘ಗ’). ಹಾಡುವವರ ಗಂಟಲು ಒಂದಿಷ್ಟೂ ಅಲುಗಿಲ್ಲ. ಆದರೂ ಕೇಳುವವರಿಗೆ ಭಾವವೇ ಬದಲಾಗಿರುತ್ತದೆ. ಬೇರೆ ಬೇರೆ ಸಂಗೀತಗಳ ಮನೋಧರ್ಮ, ಅಂದರೆ ಆಗಿಂದಾಗ್ಗೆ ಕಟ್ಟಿ ಹಾಡುವ, ನುಡಿಸುವ ಕಲೆ ಅರ್ಥವಾಗಲು ಇಲ್ಲಿಂದಲೇ ಶುರುಮಾಡಬೇಕು ಅನ್ನುವುದು ನನ್ನ ನಂಬಿಕೆ.

ಯಾವ ತಂತಿಯೂ ಒಂದೇ ಕಂಪನ ಕೊಡುವುದಿಲ್ಲ. 240ರ ತಂತಿ ಮೀಟಿದರೆ ಅದರ ಜೊತೆ 480, 720, 960 ಕೂಡ ಮೆಲ್ಲಗೆ ನುಡಿಯುತ್ತವೆ. 360ರ ತಂತಿಯಲ್ಲಿ 720, 1080 ಇರುತ್ತವೆ. ಎರಡೂ 720ರಲ್ಲಿ ಕೂಡಿಕೊಳ್ಳುತ್ತವೆ. ಷಡ್ಜ, ಪಂಚಮ ಅಷ್ಟು ಹಿತವಾಗಿ ಬೆರೆಯಲು ಇದೊಂದು ಮುಖ್ಯ ಕಾರಣ. 240ರ ಜೊತೆ 256 ನುಡಿಸಿ ನೋಡಿ, ದನಿ ಸೆಕೆಂಡಿಗೆ 16 ಸಲ ಏರಿಳಿದು ಕಿವಿಗೆ ಒರಟಾಗುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ಇದನ್ನು ವಿವರಿಸಿದ್ದರು. ಒರಟು ಅಂದರೆ ಕೆಟ್ಟದ್ದಲ್ಲ. ಮಾಯಾಮಾಳವಗೌಳ ರಾಗದ ರಿಷಭ (‘ರಿ’) ಷಡ್ಜಕ್ಕೆ ಇಳಿದಾಗ ಸಿಗುವ ನೆಮ್ಮದಿ ಈ ಒರಟಿಲ್ಲದೆ ಬರುತ್ತಿತ್ತಾ?

ನಮ್ಮ ರಾಗಸಂಗೀತದಲ್ಲಿ ಷಡ್ಜ ಕದಲುವುದಿಲ್ಲ. ಹಾಗಾಗಿ ಕಲಾವಿದರ ಕೆಲಸವೆಲ್ಲ ಸ್ವರದ ಒಳಗೇ ನಡೆಯುತ್ತದೆ. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ. ಅದರ ಕೆಳಗೆ ಕೀಬೋರ್ಡಿನ ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರಗಳ ಗೊಂಚಲು) ಹಿಡಿದರೆ ಆ ತೂಗಾಟ ಮುಚ್ಚಿಹೋಗುತ್ತದೆ. ಎಲ್ಲ ರಾಗಕ್ಕೂ ಸುಮ್ನೆ ಕಾರ್ಡ್ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಜಾಝ್‌ನಲ್ಲಿ ನೆಲವೇ ಓಡುತ್ತದೆ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1959ರಲ್ಲಿ ಧ್ವನಿಮುದ್ರಿಸಿದ 'ಜೈಂಟ್ ಸ್ಟೆಪ್ಸ್' ಕೇಳಿ. ಹೆಚ್ಚೂಕಡಿಮೆ ಎರಡೆರಡು ಬೀಟಿಗೆ ಕಾರ್ಡ್ ಬದಲಾಗುತ್ತದೆ, ಅದೂ ಭಾರಿ ವೇಗದಲ್ಲಿ. ಮೂರು ಷಡ್ಜಗಳ ನಡುವೆ ಸುತ್ತಾಟ. ಈಗಷ್ಟೇ ಪಂಚಮವಾಗಿದ್ದ ಸ್ವರ ಮರುಕ್ಷಣ ಗಾಂಧಾರ ಆಗಿಬಿಡಬಹುದು. ಸೋಜಿಗ ಅಂದರೆ ಅದೇ ವರ್ಷ ಅದೇ ಕೋಲ್ಟ್ರೇನ್, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ 'ಸೋ ವಾಟ್' ನುಡಿಸಿದ್ದರು. ಅಲ್ಲಿ ಹದಿನಾರು ಬಾರ್‌ಗಳ (ತಾಳದ ಸಣ್ಣ ಆವರ್ತಗಳ) ಉದ್ದಕ್ಕೂ ಒಂದೇ ಸ್ವರಗುಂಪು. ಅದು ಡೋರಿಯನ್, ಅಂದರೆ ನಮ್ಮ ಖರಹರಪ್ರಿಯ ರಾಗದ ಸ್ವರಗಳು. ನೆಲ ನಿಧಾನವಾದಾಗ ಜಾಝ್‌ನವರೂ ಸ್ವರದ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತಾರೆ.

2008ರಲ್ಲಿ ಸಂಶೋಧಕರಾದ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್, ಆರು ಮಂದಿ ಜಾಝ್ ಪಿಯಾನೋ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನುಡಿಸಲು ಹೇಳಿದರು. ಬಾಯಿಪಾಠದ ಸಂಗೀತಕ್ಕೆ ಹೋಲಿಸಿದರೆ, ಆಗಿಂದಾಗ್ಗೆ ಕಟ್ಟಿ ನುಡಿಸುವಾಗ ಮೆದುಳಿನ ಮುಂಭಾಗದಲ್ಲಿ ನಮ್ಮನ್ನು ನಾವೇ ತಪಾಸಣೆ ಮಾಡುವ ಹೊರಬದಿಯ ಚಟುವಟಿಕೆ ಇಳಿದಿತ್ತು, ನಡುಭಾಗದ್ದು ಏರಿತ್ತು. ಆರೇ ಜನ, ನಿಜ. ಆದರೂ ಈ ಸಡಿಲಿಕೆ ಸುಮ್ಮನೆ ಬರುವಂಥದ್ದಲ್ಲ ಅನ್ನಿಸುತ್ತದೆ. ಕಾಲಡಿಯ ನೆಲ ವರ್ಷಗಟ್ಟಲೆ ಸಾಧನೆಯಿಂದ ಮೈಗೂಡಿರಬೇಕು, ಅಲ್ವಾ?

ನೆಲ ಬದಲಿಸುವ ಆಟ ನಮ್ಮಲ್ಲೂ ಇದೆ, ಅದೇ ಗ್ರಹಭೇದ: ಸ್ವರಗಳು ಅವೇ, ಷಡ್ಜ ಮಾತ್ರ ಬೇರೆ. ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ ಸಿ ಶ್ರುತಿ ಇಟ್ಟು ಮೋಹನ ರಾಗದ ಐದು ಸ್ವರ ಹಾಡಿ. ಆಮೇಲೆ ಶ್ರುತಿಯನ್ನು ಡಿಗೆ ಏರಿಸಿ, ನೀವು ಮಾತ್ರ ಮೊದಲಿನ ಸ್ವರಗಳಲ್ಲೇ ಇರಿ. ಈಗ ಕೇಳುವುದು ಮಧ್ಯಮಾವತಿ ರಾಗ. ಇ ಶ್ರುತಿಗೆ ಹೋದರೆ ಹಿಂದೋಳ. ಅದಕ್ಕೆ ಪಂಚಮವಿಲ್ಲ, ಹಾಗಾಗಿ ಆ್ಯಪ್‌ನಲ್ಲಿ ಮಧ್ಯಮ ಶ್ರುತಿ (ಷಡ್ಜದ ಜೊತೆ ಪಂಚಮದ ಬದಲು ಮಧ್ಯಮ) ಆರಿಸಿಕೊಳ್ಳಿ.